ಗೋಡೆ ಬರಹದಿಂದ ಸರ್ಕಾರ ಬೀಳುತ್ತಾ?

ಬೀಳಲ್ಲ. ಇಷ್ಟೇ ತಿಳಿಯಬೇಕಿದ್ದರೆ ಇಲ್ಲಿಂದಲೇ ಹೋಗಬಹುದು, ನನಗೇನೂ ಬೇಜಾರಿಲ್ಲ.

ಉಳಿದವರಿಗೆ ಹೇಳುತ್ತೇನೆ. ನಾನು ಬೀದಿ ಗೋಡೆಗಳ ಮೇಲಿನ ಚಿತ್ರ, ಘೋಷಣೆ, ಸ್ಟೆನ್ಸಿಲ್, ಪೋಸ್ಟರ್‌ಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ, ಅದರಲ್ಲೂ ಆಳುವವರ ವಿರುದ್ಧ ಬರೆದವುಗಳ ಬಗ್ಗೆ. ಪಿಎಚ್‌ಡಿ ಸೇರಿಸಿ 19 ವರ್ಷ ಆಯಿತು. ಅಷ್ಟೂ ವರ್ಷ ರೈಲಿನಲ್ಲಿ, ಲಿಫ್ಟಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗಲೂ ಇದೇ ಪ್ರಶ್ನೆ. ಹಲ್ಲಿನ ಡಾಕ್ಟರು ಪರವಾಗಿಲ್ಲ, ಉತ್ತರಕ್ಕೆ ಕಾಯಲ್ಲ.

"ಸುಮ್ನೆ ಗೋಡೆ ನೋಡೋಕೂ ಸಂಬಳ ಕೊಡ್ತಾರಾ?" ಅಂದರೆ ನನಗೆ ಸಿಟ್ಟಿಲ್ಲ. ಕೊಡ್ತಾರೆ, ಸ್ವಲ್ಪ ತಡವಾಗಿ. ಸಿಟ್ಟು ಬರುವುದು "ಅದರಿಂದ ಏನಾದ್ರೂ ಆಗಿದೆಯಾ?" ಅಂತ ಕೇಳಿದಾಗ. ಕಾದಂಬರಿ ಬರೆದವರನ್ನು ಹಿಡಿದು ನಿಮ್ಮ ಪುಸ್ತಕ ಓದಿ ಯಾವ ಮಂತ್ರಿ ರಾಜೀನಾಮೆ ಕೊಟ್ಟ ಅಂತ ಯಾರೂ ಕೇಳಲ್ಲ. ಗೋಡೆ ಮಾತ್ರ ಲೆಕ್ಕ ಒಪ್ಪಿಸಬೇಕು.

ಮೊದಲ ಕಾಯಂ ಕೆಲಸದ ಸಂದರ್ಶನದಲ್ಲೂ ಇದನ್ನೇ ಕೇಳಿದರು. ಆರು ಜನ ಕೂತಿದ್ದರು. ಅರ್ಧ ಗಂಟೆ ಬಾಯಿ ಬಿಡದ ಹಿರಿಯ ಪ್ರೊಫೆಸರ್ ಒಬ್ಬರು ಕನ್ನಡಕ ತೆಗೆದು, "ಗೋಡೆ ಮೇಲೆ ಗೀಚಿದ್ದರಿಂದ ಏನಾದರೂ ಆದ ಒಂದು ಊರು ಹೇಳಿ ನೋಡೋಣ" ಅಂದರು. ನಾನು ಒಂದು ಕ್ಷಣವೂ ತಡೆಯದೆ "ದರಾ" ಅಂದೆ. ಸಿರಿಯಾದ ದರಾದಲ್ಲಿ 2011ರಲ್ಲಿ ಕೆಲವು ಶಾಲಾ ಹುಡುಗರು ಗೋಡೆ ಮೇಲೆ ಅಧ್ಯಕ್ಷ ಅಸಾದ್ ವಿರುದ್ಧ ಬರೆದರು. 'ಈಗ ನಿನ್ನ ಸರದಿ, ಡಾಕ್ಟರ್' ಅಂತ. ಟುನೀಶಿಯಾ, ಈಜಿಪ್ಟ್‌ನ ಆಳುವವರು ಆಗಷ್ಟೇ ಜನರ ದಂಗೆಗೆ ಬಿದ್ದಿದ್ದರು. ಅಸಾದ್ ಓದಿದ್ದು ಕಣ್ಣಿನ ವೈದ್ಯಕೀಯ. ಅಲ್ಲಿಂದ ಇಡೀ ದೇಶ ಬೀದಿಗೆ ಬಂತು ಅಂತ ಹೇಳಿ ಮುಗಿಸಿದೆ. ಆರೂ ಜನ ತಲೆಯಾಡಿಸಿದರು. ಕೆಲಸ ಸಿಕ್ಕಿತು.

ಆ ಉತ್ತರ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಜನ ಬೀದಿಗೆ ಬಂದದ್ದು ಬರಹ ನೋಡಿ ಅಲ್ಲ. ಆ ಹುಡುಗರನ್ನು ಹಿಡಿದುಕೊಂಡು ಹೋಗಿ ಹಿಂಸೆ ಕೊಟ್ಟರು, ಮಕ್ಕಳನ್ನು ಬಿಡಿ ಅಂತ ಕೇಳಲು ಬಂದವರ ಮೇಲೆ ಗುಂಡು ಹಾರಿಸಿದರು. ಬೆಂಕಿ ಹತ್ತಿದ್ದು ಅಲ್ಲಿ. ಆಮೇಲೆ ಸರ್ಕಾರ ಬಿದ್ದದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ 13 ವರ್ಷ, ಲಕ್ಷಾಂತರ ಸಾವು. ಇಷ್ಟನ್ನೆಲ್ಲ ಒಂದು ಸ್ಪ್ರೇ ಡಬ್ಬಿಯ ಖಾತೆಗೆ ಬರೆದು ನಾನು ನೌಕರಿ ಗಿಟ್ಟಿಸಿಕೊಂಡೆ, ಅಲ್ವಾ? ಅದಕ್ಕೇ ಈಗ ಯಾರು ಕೇಳಿದರೂ ನೇರವಾಗಿ 'ಬೀಳಲ್ಲ' ಅಂದುಬಿಡುತ್ತೇನೆ.

ನಿಜ ಹೇಳಬೇಕೆಂದರೆ ನನಗೆ ಬೇರೆಯದೇ ಪ್ರಶ್ನೆ ಬೇಕು. "ಅದನ್ನು ಅಳಿಸಿದವರು ಯಾರು?" ಅಂತ ಕೇಳಿ. ನಿಮಗೆ ಬೇಡವಾಗುವಷ್ಟು ಹೇಳುತ್ತೇನೆ. ಬರೆದವರು ಎಷ್ಟೋ ಸಲ ಸಿಕ್ಕುವುದೇ ಇಲ್ಲ. ಅಳಿಸಿದವರು ಸಿಗುತ್ತಾರೆ. ಅವರಿಗೆ ಆದೇಶ ಇರುತ್ತದೆ, ಬಣ್ಣ ಕೊಂಡ ಬಿಲ್ ಇರುತ್ತದೆ, ಕೂಲಿ ಪಟ್ಟಿ ಇರುತ್ತದೆ.

ಡೇವಿಡ್ ಸಿಕೇರೋಸ್ ಅಂತ ಮೆಕ್ಸಿಕೋದ ಕಲಾವಿದ. 1932ರಲ್ಲಿ ಲಾಸ್ ಏಂಜಲಿಸ್‌ನ ಒಂದು ದೊಡ್ಡ ಗೋಡೆಗೆ ಉಷ್ಣವಲಯದ ಸೊಗಸು ಬರೆಯಿರಿ ಅಂತ ಅವರಿಗೆ ಹೇಳಿದ್ದರು. ಹಣ್ಣು, ಗಿಳಿ, ಹಸಿರು ಬರುತ್ತದೆ ಅಂತ ಕಾದಿದ್ದರು. ಆತ ಬರೆದದ್ದು ಶಿಲುಬೆಗೆ ಕಟ್ಟಿದ ಮೂಲನಿವಾಸಿಯನ್ನು, ಅವನ ತಲೆಯ ಮೇಲೆ ಹದ್ದನ್ನು. ಸುಣ್ಣ ಬಳಿದರು. ಆದರೆ ಮೊದಲು ಬಳಿದದ್ದು ಬೀದಿಗೆ ಕಾಣುವ ಭಾಗಕ್ಕೆ ಮಾತ್ರ! ಉಳಿದದ್ದಕ್ಕೆ ಕೆಲವು ವರ್ಷ ಬಿಟ್ಟು ನಿಧಾನವಾಗಿ ಬಳಿದರು. ಯಾರು ನೋಡಬಾರದು ಅನ್ನುವ ಲೆಕ್ಕ ಅಷ್ಟು ಚೊಕ್ಕವಾಗಿತ್ತು. ದಶಕಗಳ ನಂತರ ಸುಣ್ಣ ಉದುರುತ್ತಾ ಒಳಗಿನ ಆಕೃತಿ ಹೊರಗೆ ಇಣುಕಿತು. ಮತ್ತೆ ಜನರಿಗೆ ತೆರೆದದ್ದು 2012ರಲ್ಲಿ.

ಅದೇ 2012ರಲ್ಲಿ ಈಜಿಪ್ಟ್‌ನ ಕೈರೋದ ಮೊಹಮ್ಮದ್ ಮಹಮೂದ್ ಬೀದಿಯ ಗೋಡೆಗೂ ಬಣ್ಣ ಬಳಿದರು. 2011ರ ದಂಗೆಯ ಕೇಂದ್ರವಾಗಿದ್ದ ತಹ್ರೀರ್ ಚೌಕದ ಪಕ್ಕದ ಬೀದಿ ಅದು, ಗೋಡೆ ತುಂಬ ಸತ್ತ ಹೋರಾಟಗಾರರ ಮುಖಗಳಿದ್ದವು. ಸೆಪ್ಟೆಂಬರ್‌ನ ಒಂದು ರಾತ್ರಿ ಪೊಲೀಸ್ ಕಾವಲಿನಲ್ಲಿ ಎಲ್ಲ ಅಳಿಸಿದರು. ಒಂದೆರಡು ದಿನ ಕಳೆಯುವುದರೊಳಗೆ ಕಲಾವಿದರು ಅದೇ ಹಸಿ ಗೋಡೆ ಮೇಲೆ ಮತ್ತೆ ಶುರುಮಾಡಿದರು. ಬಣ್ಣ ಬಳಿಯಲು ಪೊಲೀಸ್ ಕಾವಲು ಬೇಕಾಯಿತಲ್ಲ, ಆ ಒಂದು ವಿವರ ನನಗೆ ಇಡೀ ಅಧ್ಯಾಯಕ್ಕೆ ಸಾಕು.

ಇದರ ಮೇಲೆ ನಾನೊಂದು ಚಂದದ ಸಿದ್ಧಾಂತ ಕಟ್ಟಿದ್ದೆ. ಎಷ್ಟು ಬೇಗ ಅಳಿಸಿದರೋ ಅಷ್ಟು ಜಾಸ್ತಿ ಚುಚ್ಚಿದೆ ಅಂತ. 2016ರಲ್ಲಿ ಬ್ಲೂ ಅನ್ನುವ ಹೆಸರಿನ ಇಟಲಿಯ ಕಲಾವಿದ ಅದನ್ನು ಕೆಡಿಸಿದ. ಬೊಲೊನ್ಯಾದಲ್ಲಿ ಬೀದಿ ಚಿತ್ರಗಳನ್ನು ಗೋಡೆಯಿಂದ ಕಿತ್ತು, ಟಿಕೆಟ್ ಇಟ್ಟು ಪ್ರದರ್ಶನ ಮಾಡಲು ಹೊರಟಿದ್ದರು. ಆತ ಆ ಊರಿನಲ್ಲಿ ತಾನೇ 20 ವರ್ಷ ಬರೆದದ್ದನ್ನೆಲ್ಲ ಬೂದು ಬಣ್ಣ ಬಳಿದು ಮುಚ್ಚಿಬಿಟ್ಟ. ಊರಿನ ಕಾರ್ಯಕರ್ತರೂ ಕೈಜೋಡಿಸಿದರು. ಚಿತ್ರ ಕಿತ್ತು ಒಳಗೆ ಸಾಗಿಸುವವರನ್ನು ಬೈಯುತ್ತಾ ಸುದ್ದಿ ಓದುತ್ತಿದ್ದವನಿಗೆ, ನನ್ನ ಹಾರ್ಡ್ ಡಿಸ್ಕ್‌ನಲ್ಲಿರುವ ಸಾವಿರಾರು ಫೋಟೋಗಳೂ ಅದೇ ಜಾತಿಯವು ಅಂತ ಹೊಳೆಯಲು ಎರಡು ದಿನ ಬೇಕಾಯಿತು.

ಇಷ್ಟರ ನಡುವೆ ಎಥಿಕ್ಸ್ ಕಮಿಟಿಯ, ಅಂದರೆ ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ಸಮಿತಿಯ, ಕಥೆ ಬೇರೆ. ಮಾತಾಡಿಸಿದ ಪ್ರತಿಯೊಬ್ಬರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ತನ್ನಿ ಅನ್ನುತ್ತಾರೆ. ಪೂರ್ತಿ ಹೆಸರು, ದಿನಾಂಕ, ಸ್ಥಳ. ಸ್ವಾಮಿ, ಹೆಸರು ಗೊತ್ತಾದರೆ ಜೈಲಿಗೆ ಹೋಗುವವರು ಅವರು! ಬಾಯಿಮಾತಿನ ಒಪ್ಪಿಗೆ ಸಾಕು ಅಂತ ಒಪ್ಪಿಸಲು ಏಳು ತಿಂಗಳು ಪತ್ರ ಬರೆದೆ. ನನ್ನ ಕೆಲಸದ ಬಹುಪಾಲು ಇಂಥದ್ದೇ: ಫೋಟೋದಿಂದ ಸ್ಥಳ, ಸಮಯದ ಮಾಹಿತಿ ತೆಗೆಯುವುದು, ಚೌಕಟ್ಟಿನಲ್ಲಿ ಸಿಕ್ಕ ಮುಖ, ಕೈ ಮೇಲಿನ ಹಚ್ಚೆ ಮರೆಮಾಡುವುದು, ಟಿಪ್ಪಣಿಯಲ್ಲಿ ಹೆಸರು ಹೊಡೆದುಹಾಕುವುದು. ಒಂದು ಲೆಕ್ಕದಲ್ಲಿ ನಾನೂ ಅಳಿಸುವವನೇ.

"ನೀವೂ ಬರೆದಿದ್ದೀರಾ?" ಅಂತ ಕೆಲವರು ಕೇಳುತ್ತಾರೆ. ಇಲ್ಲ, ನನ್ನ ಅಕ್ಷರ ನನಗೇ ಓದೋಕೆ ಬರಲ್ಲ. ಒಂದು ರಾತ್ರಿ ಏಣಿ ಹಿಡಿದದ್ದುಂಟು, ಪ್ರಬಂಧದಲ್ಲಿ ಅದು 'ಕ್ಷೇತ್ರಕಾರ್ಯ' ಆಯಿತು. ದೂರದಲ್ಲಿ ಗಾಡಿಯ ಬೆಳಕು ಕಂಡು ಕೈ ನಡುಗಿತು, ಏಣಿ ಅಲ್ಲಾಡಿತು, ಮೇಲಿದ್ದವಳು ಚೆನ್ನಾಗಿ ಬೈದಳು. ಮೂರನೇ ಸಾಲಿನಲ್ಲಿ ಒಂದು ಅಕ್ಷರ ಸೊಟ್ಟಗಾಯಿತು. ಹನ್ನೊಂದನೇ ದಿನ ಬಿಳಿ ಬಳಿದರು, ಆ ಅಕ್ಷರವನ್ನೂ ಸೇರಿಸಿ.