ಪೆನ್ನಿ ವಿಂಗಡಿಸುವ ಯಂತ್ರದಲ್ಲಿ ಮಾದರಿಯಾಗಿ ಯಾವ ನಾಣ್ಯ ಇರಬೇಕು?

ಅಮೆರಿಕದಲ್ಲಿ ಹಳೆಯ ನಾಣ್ಯಗಳನ್ನು ಕೊಂಡು ಮಾರುವ ಸಂಸ್ಥೆಯೊಂದರಲ್ಲಿ ವಿಂಗಡಣೆ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬ್ಯಾಂಕಿನಿಂದ ಒಂದು ಸೆಂಟ್ ನಾಣ್ಯಗಳು, ಅಂದರೆ ಪೆನ್ನಿಗಳು, 25 ಡಾಲರಿನ ಪೆಟ್ಟಿಗೆಗಳಲ್ಲಿ ಬರುತ್ತವೆ. ಒಂದು ಪೆಟ್ಟಿಗೆಯಲ್ಲಿ 50 ರೋಲ್, ಒಂದು ರೋಲಿನಲ್ಲಿ 50 ನಾಣ್ಯ. ಈ 2,500 ನಾಣ್ಯಗಳಲ್ಲಿ ತಾಮ್ರದವು ಯಾವುವು, ಸತುವಿನವು ಯಾವುವು ಎಂದು ಬೇರ್ಪಡಿಸಿ, ಸತುವಿನವನ್ನು ಬ್ಯಾಂಕಿಗೆ ಹಿಂದಿರುಗಿಸಿ, ತಾಮ್ರದವನ್ನು ತೂಕದ ಲೆಕ್ಕದಲ್ಲಿ ಮಾರುತ್ತೇವೆ.

ತಾಮ್ರದ ಬೆಲೆ ಏರಿದ್ದರಿಂದ ಅಮೆರಿಕದ ಟಂಕಸಾಲೆ 1982ರಲ್ಲಿ ಪೆನ್ನಿಯ ಲೋಹವನ್ನು ಬದಲಿಸಿತು. ಅದಕ್ಕೆ ಮೊದಲಿನ ನಾಣ್ಯದಲ್ಲಿ ಶೇ. 95ರಷ್ಟು ತಾಮ್ರವಿದ್ದು ತೂಕ 3.11 ಗ್ರಾಂ, ಆಮೇಲಿನದರಲ್ಲಿ ಶೇ. 97.5ರಷ್ಟು ಸತು, ಮೇಲೆ ಮಿಲಿಮೀಟರಿನ ಸುಮಾರು ನೂರನೆಯ ಒಂದು ಭಾಗದಷ್ಟು ತಾಮ್ರದ ಲೇಪ, ತೂಕ 2.5 ಗ್ರಾಂ. ಎರಡರ ವ್ಯಾಸವೂ 19.05 ಮಿಲಿಮೀಟರ್. 1982ರಲ್ಲಿ ಎರಡು ಬಗೆಯನ್ನೂ ಅಚ್ಚು ಹಾಕಿದ್ದರಿಂದ ಇಸವಿಯನ್ನು ಓದುವ ಕ್ಯಾಮೆರಾವೂ ಆ ವರ್ಷದ ನಾಣ್ಯದ ಮುಂದೆ ಕೈಚೆಲ್ಲಬೇಕಾಗುತ್ತದೆ.

ಪೆನ್ನಿಯನ್ನು ಕರಗಿಸುವುದು ಅಪರಾಧ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 2006ರ ಡಿಸೆಂಬರಿನಲ್ಲಿ ಬಂದು ಮರುವರ್ಷ ಸ್ಥಿರಗೊಂಡ ನಿಯಮದ ಪ್ರಕಾರ ಇದಕ್ಕೆ 10,000 ಡಾಲರುಗಳವರೆಗೆ ದಂಡ, ಐದು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಚಲಾವಣೆಗಾಗಿ ಪೆನ್ನಿ ಅಚ್ಚು ಹಾಕುವುದನ್ನು 2025ರ ನವೆಂಬರಿನಲ್ಲಿ ನಿಲ್ಲಿಸಲಾಯಿತು. ಆದರೂ ಇರುವ ನಾಣ್ಯಗಳ ಮಾನ್ಯತೆ ಹೋಗಿಲ್ಲ. ನಮ್ಮಲ್ಲಿ ಕೊಳ್ಳುವವರು ಎಂದಾದರೂ ನಿಯಮ ಸಡಿಲವಾದೀತೆಂಬ ನಂಬಿಕೆಯಿಂದ ನಾಣ್ಯಗಳನ್ನು ಹಾಗೆಯೇ ಕೂಡಿಡುತ್ತಾರೆ. ಅದು ಜಾಣ ಹೂಡಿಕೆಯೆಂದು ನನಗೆ ಅನ್ನಿಸುವುದಿಲ್ಲ, ಆದರೆ ಅದು ನನ್ನ ಕೆಲಸದ ವ್ಯಾಪ್ತಿಗೆ ಸೇರಿದ್ದಲ್ಲ.

ಯಂತ್ರದ ಹೃದಯವೆಂದರೆ ಕಂಪ್ಯಾರೇಟರ್, ಅಂದರೆ ಎರಡು ನಾಣ್ಯಗಳನ್ನು ಹೋಲಿಸುವ ಭಾಗ. ಆಟದ ಯಂತ್ರಗಳಲ್ಲಿ ಖೋಟಾ ಬಿಲ್ಲೆಗಳನ್ನು ತಡೆಯಲು ಬಳಸುವ ಉಪಕರಣವೇ ಇದು. ತಂತಿಯ ಎರಡು ಸುರುಳಿಗಳ ನಡುವೆ ಮಾದರಿ ನಾಣ್ಯವೊಂದು ಸದಾ ಕುಳಿತಿರುತ್ತದೆ. ನಾಣ್ಯಗಳನ್ನು ಸುರಿಯುವ ಬುಟ್ಟಿಯಿಂದ, ಅಂದರೆ ಹಾಪರಿನಿಂದ, ಬಿದ್ದ ನಾಣ್ಯ ಪಕ್ಕದ ಇನ್ನೊಂದು ಜೋಡಿಯ ನಡುವೆ ಹಾದು ಹೋಗುತ್ತದೆ. ಸುರುಳಿಗಳ ಕಾಂತಕ್ಷೇತ್ರವು ನಾಣ್ಯದೊಳಗೆ ಸುಳಿ ವಿದ್ಯುತ್ ಹುಟ್ಟಿಸುತ್ತದೆ. ಅದರ ಪ್ರಮಾಣ ಲೋಹದ ವಾಹಕತೆಯನ್ನೂ ನಾಣ್ಯದ ಗಾತ್ರವನ್ನೂ ಅವಲಂಬಿಸಿದೆ. ಶೇ. 95ರಷ್ಟು ತಾಮ್ರ, ಶೇ. 5ರಷ್ಟು ಸತು ಸೇರಿದ ಮಿಶ್ರಲೋಹದ ವಾಹಕತೆ ಬರೀ ಸತುವಿನ ಸುಮಾರು ಎರಡರಷ್ಟಿದೆ. ಕ್ಷೇತ್ರದ ಆವರ್ತನ ಅತಿ ಹೆಚ್ಚಾಗಿರದಿದ್ದರೆ ಅದು ತೆಳುವಾದ ಲೇಪವನ್ನು ದಾಟಿ ಒಳಗಿನ ಸತುವನ್ನೇ ಕಾಣುತ್ತದೆ. ಎರಡೂ ಕಡೆಯ ಸಂಕೇತ ಸರಿದೂಗಿದರೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತವು ಬಾಗಿಲನ್ನು ಎಳೆದು ನಾಣ್ಯವನ್ನು ಒಂದು ಡಬ್ಬಿಗೆ ಬಿಡುತ್ತದೆ. ದೂಗದಿದ್ದರೆ ಬಾಗಿಲು ಅಲುಗುವುದಿಲ್ಲ, ನಾಣ್ಯ ಇನ್ನೊಂದು ಡಬ್ಬಿಗೆ ಉರುಳುತ್ತದೆ. ಸುರುಳಿಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಸೆಕೆ ಹೆಚ್ಚಾದರೂ ಹೋಲಿಕೆ ಬಹುಮಟ್ಟಿಗೆ ಕೆಡುವುದಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಈ ಯಂತ್ರವು ತಾಮ್ರವನ್ನು ಗುರುತಿಸುತ್ತದೆ ಎಂದೇ ತಿಳಿದಿರುತ್ತಾರೆ. ಅದಕ್ಕೆ ತಾಮ್ರವೂ ಗೊತ್ತಿಲ್ಲ, ಸತುವೂ ಗೊತ್ತಿಲ್ಲ. ಇದು ಮಾದರಿಯಂತಿದೆಯೇ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರಿಸುತ್ತದೆ. ಆದ್ದರಿಂದ ಮಾದರಿಯಾಗಿ ಯಾವ ನಾಣ್ಯವನ್ನು ಕೂರಿಸುತ್ತೇವೆ ಎಂಬುದರ ಮೇಲೆ, ಯಂತ್ರಕ್ಕೆ ಅರ್ಥವಾಗದ ನಾಣ್ಯಗಳೆಲ್ಲ ಯಾವ ಡಬ್ಬಿಗೆ ಬೀಳುತ್ತವೆ ಎಂಬುದು ನಿಂತಿದೆ. ತಾಮ್ರದ ನಾಣ್ಯವನ್ನು ಕೂರಿಸಿದರೆ ತಾಮ್ರದ ಡಬ್ಬಿ ಶುದ್ಧವಾಗಿರುತ್ತದೆ, ನಿಜ. ಆದರೆ ಕೊಳೆ ಮೆತ್ತಿದ, ಬಾಗಿದ, ಬಹಳ ಸವೆದ ತಾಮ್ರದ ನಾಣ್ಯಗಳು ಸತುವಿನ ರಾಶಿಯಲ್ಲಿ ಸೇರಿ ಬ್ಯಾಂಕಿಗೆ ಹೊರಟುಹೋಗುತ್ತವೆ. 1962ಕ್ಕೆ ಮೊದಲು ಅಚ್ಚಾದ ನಾಣ್ಯಗಳ ಪೈಕಿ ತವರ ಬೆರೆತವು ಅದೇ ಹಾದಿ ಹಿಡಿಯಬಹುದು, ಏಕೆಂದರೆ ತವರವು ತಾಮ್ರದ ವಾಹಕತೆಯನ್ನು ತಗ್ಗಿಸುತ್ತದೆ. ಆ ರಾಶಿಯೋ ದೊಡ್ಡದು, ಅದನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಅಕ್ಕಿ ಆರಿಸುವಾಗ ಕೈ ಕಲ್ಲನ್ನು ಹುಡುಕುತ್ತದೆ, ಅಕ್ಕಿಯನ್ನಲ್ಲ. ಇಲ್ಲಿಯೂ ಹೆಚ್ಚಿರುವುದನ್ನು ಯಂತ್ರಕ್ಕೆ ಪರಿಚಯಿಸಿ, ಅದಕ್ಕೆ ಅಪರಿಚಿತವಾದುದನ್ನೆಲ್ಲ ನಾವು ಉಳಿಸಿಕೊಳ್ಳಬೇಕು.

ಹೀಗಾಗಿ ಮೊದಲ ಸುತ್ತಿನಲ್ಲಿ ಸತುವಿನ ನಾಣ್ಯವೇ ಮಾದರಿ. ಇದರಿಂದ ಸೊಲೆನಾಯ್ಡಿಗೆ ಕೆಲಸ ಹೆಚ್ಚಿ ಅದು ಬಿಸಿಯಾಗುತ್ತದೆ, ವೇಗವನ್ನು ಸ್ವಲ್ಪ ತಗ್ಗಿಸಬೇಕಾಗುತ್ತದೆ. ವೇಗಕ್ಕೆ ಮಿತಿ ಹಾಕುವುದು ಹೋಲಿಸುವ ಸುರುಳಿಗಳಲ್ಲ, ಈ ಬಾಗಿಲು. ಅದು ಮುಚ್ಚಿಕೊಳ್ಳುವ ಮೊದಲೇ ಮುಂದಿನ ನಾಣ್ಯ ಬಂದರೆ, ಅದು ತಾಮ್ರದ್ದಾಗಿದ್ದರೂ ಹಿಂದಿನದರ ಜೊತೆಗೇ ನುಗ್ಗುತ್ತದೆ. ಲೇಪ ಕಿತ್ತುಹೋದ ಸತುವಿನ ನಾಣ್ಯಗಳು ಉದುರಿಸುವ ಬಿಳಿ ಪುಡಿಯಿಂದ ಜಾರುದಾರಿ ಒರಟಾಗಿ ನಾಣ್ಯಗಳ ನಡುವಿನ ಅಂತರ ಏರುಪೇರಾಗುವುದರಿಂದ, ಅದನ್ನು ಒರೆಸುವುದಕ್ಕೆ ನಾನು ಸಂವೇದನೆಯ ತಿರುಪನ್ನು ಹೊಂದಿಸುವುದಕ್ಕಿಂತ ಹೆಚ್ಚು ಗಮನ ಕೊಡುತ್ತೇನೆ.

ಉಳಿದ ಚಿಕ್ಕ ರಾಶಿಯಲ್ಲಿ ಅಮೆರಿಕದ ತಾಮ್ರದ ಜೊತೆಗೆ ಕೆನಡಾದ ಸೆಂಟುಗಳು, ದಾರಿ ತಪ್ಪಿ ಬಂದ ಡೈಮ್‌ಗಳು (ಹತ್ತು ಸೆಂಟಿನ ನಾಣ್ಯಗಳು), ತುಕ್ಕು ತಿಂದ ಸತು, ಅಪರೂಪಕ್ಕೆ 1943ರ ಉಕ್ಕಿನ ಪೆನ್ನಿ ಸಿಗುತ್ತವೆ. ಉಕ್ಕಿನವನ್ನು ಅಯಸ್ಕಾಂತ ಎತ್ತುತ್ತದೆ. ಕೆನಡಾದವು ಚೇಷ್ಟೆಯ ನಾಣ್ಯಗಳು: 1982ರಿಂದ 1996ರವರೆಗಿನವುಗಳಲ್ಲಿ ಶೇ. 98ರಷ್ಟು ತಾಮ್ರವಿದ್ದರೂ ತೂಕ ಮಾತ್ರ ಅಮೆರಿಕದ ಸತುವಿನ ಪೆನ್ನಿಯಷ್ಟೇ, 2.5 ಗ್ರಾಂ. ಬರೀ ತೂಕವನ್ನು ನಂಬಿದ ಯಂತ್ರ ಅವನ್ನು ತಪ್ಪು ಡಬ್ಬಿಗೆ ಹಾಕುತ್ತದೆ. ಅದೃಷ್ಟಕ್ಕೆ ಅವು ಹನ್ನೆರಡು ಮೂಲೆಯವು, ಕಣ್ಣಿಗೆ ಕೂಡಲೇ ಬೀಳುತ್ತವೆ. ಎರಡನೆಯ ಸುತ್ತಿನಲ್ಲಿ 1970ರ ದಶಕದ, ಹದವಾಗಿ ಸವೆದ ತಾಮ್ರದ ಪೆನ್ನಿಯನ್ನು ಮಾದರಿಯಾಗಿಟ್ಟು ಈ ರಾಶಿಯನ್ನಷ್ಟೇ ಹಾಯಿಸುತ್ತೇವೆ. ಅಲ್ಲಿಯೂ ತಿರಸ್ಕೃತವಾದವು ಮೇಜಿನ ಮೇಲೆ ಬರುತ್ತವೆ. 1982ರ ಇಸವಿಯುಳ್ಳವನ್ನು ಅಲ್ಲಿ ಒಂದೊಂದಾಗಿ ತೂಗುತ್ತೇವೆ.

ಯಂತ್ರವನ್ನು ಪರೀಕ್ಷಿಸಲು ತಕ್ಕಡಿಯೇ ಸಾಕು. ಎಲ್ಲವೂ ಸತುವಾಗಿದ್ದರೆ 2,500 ನಾಣ್ಯಗಳು 6.25 ಕಿಲೋ ತೂಗಬೇಕು. ತಾಮ್ರದ ಪ್ರತಿ ನಾಣ್ಯವೂ ಅದಕ್ಕೆ 0.61 ಗ್ರಾಂ ಸೇರಿಸುತ್ತದೆ. ನಾಣ್ಯಗಳಷ್ಟೇ 6.6 ಕಿಲೋ ತೂಗಿದರೆ ಅವುಗಳಲ್ಲಿ ಹೆಚ್ಚುಕಡಿಮೆ 570 ತಾಮ್ರದವು ಇವೆ ಎಂದು ವಿಂಗಡಿಸುವ ಮೊದಲೇ ಹೇಳಬಹುದು. ಕೆಲಸ ಮುಗಿದ ಮೇಲೆ ತಾಮ್ರದ ಡಬ್ಬಿಯಿಂದ ನೂರು ನಾಣ್ಯಗಳನ್ನು ಎಣಿಸಿ ತೂಗಿದಾಗ 311 ಗ್ರಾಂ ಆಸುಪಾಸಿನಲ್ಲಿರಬೇಕು. ಹಳೆಯ ನಾಣ್ಯಗಳ ಸವೆತಕ್ಕಾಗಿ ಅಲ್ಪಸ್ವಲ್ಪ ಬಿಟ್ಟುಕೊಡುತ್ತೇನೆ. 305ಕ್ಕೆ ಇಳಿದರೆ ಹತ್ತರಲ್ಲಿ ಒಂದು ಸತುವಿನದು ಒಳಗೆ ಸೇರಿರುವ ಸಾಧ್ಯತೆ ಇದೆಯೆಂದು ಲೆಕ್ಕ, ಆ ಡಬ್ಬಿಯನ್ನು ಇಡಿಯಾಗಿ ಮತ್ತೊಮ್ಮೆ ಹಾಪರಿಗೆ ಸುರಿಯುತ್ತೇನೆ.