ಹೋಮ್ ಥಿಯೇಟರ್‌ಗೆ ಪವರ್ ಆಂಪ್: ಗುಂಯ್ ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಯಿತು

ಹೋದ ಶನಿವಾರ ಬೆಂಗಳೂರಿಗೆ ಹೋಗಿ ಪವರ್ ಆಂಪ್, ಅಂದರೆ ಸ್ಪೀಕರ್‌ಗಳಿಗೆ ಬೇಕಾದ ಶಕ್ತಿ ಕೊಡುವ ಡಬ್ಬ, ತಂದೆ. ಸೆಕೆಂಡ್ ಹ್ಯಾಂಡ್, ಎರಡು ಚಾನೆಲ್, 8 ಓಮ್‌ಗೆ ಒಂದೊಂದು ಚಾನೆಲ್‌ಗೂ 150 ವಾಟ್. ತೂಕ 17 ಕೆಜಿ, ಅದರಲ್ಲಿ ಹೆಚ್ಚಿನದು ಒಳಗಿರುವ ಟ್ರಾನ್ಸ್‌ಫಾರ್ಮರ್‌ದೇ. ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿ, ಸಂಜೆ ಟ್ರೈನ್‌ನಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದೆ. ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಎರಡೂ ಕಾಲು ಜೋಮು ಹಿಡಿದಿದ್ದವು.

ಯಾಕೆ ಬೇಕಿತ್ತು ಅಂದರೆ, ನನ್ನ ಫ್ರಂಟ್ ಸ್ಪೀಕರ್ ಎರಡೂ 4 ಓಮ್, ಅಂದರೆ 8 ಓಮ್‌ನವಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತವೆ. ಐದು ಸ್ಪೀಕರ್‌ಗೂ ಸೌಂಡ್ ಹಂಚುವ ರಿಸೀವರ್‌ನ ಡಬ್ಬದ ಮೇಲೆ 80 ವಾಟ್ ಅಂತ ಬರೆದಿದೆ, ಆದರೆ ಅದು ಎರಡೇ ಚಾನೆಲ್ ಓಡಿಸಿ ಅಳೆದ ಲೆಕ್ಕ. ಐದೂ ಒಟ್ಟಿಗೆ ಓಡಿದರೆ ಇರುವ ಒಂದೇ ಪವರ್ ಸಪ್ಲೈಯನ್ನು ಎಲ್ಲವೂ ಹಂಚಿಕೊಳ್ಳಬೇಕು. ಫೈಟ್ ಸೀನ್ ಬಂದರೆ ಸೌಂಡ್ ಒರಟಾಗುತ್ತಿತ್ತು, ರಿಸೀವರ್ ಮೇಲೆ ಕೈ ಇಡೋಕಾಗದಷ್ಟು ಬಿಸಿ, ಎರಡು ಸಲ ತಾನಾಗೇ ಆಫ್ ಕೂಡ ಆಯಿತು. ಜಾಸ್ತಿ ಸೌಂಡ್ ಬರಲಿ ಅಂತ ಆಂಪ್ ತಗೊಳ್ಳುವವರಿಗೆ ಒಂದು ಮಾತು: ವಾಟ್ ಎರಡರಷ್ಟಾದರೂ ಸಿಗುವುದು 3 ಡಿಬಿ ಅಷ್ಟೇ, ಕಿವಿಗೆ ಸ್ವಲ್ಪವೇ ಜಾಸ್ತಿ ಅನ್ನಿಸುವಷ್ಟು. ನನಗೆ ಬೇಕಿದ್ದದ್ದು ರಿಸೀವರ್ ಮೇಲಿನ ಭಾರ ಇಳಿಸುವುದು.

ಕನೆಕ್ಷನ್ ಸುಲಭ. ರಿಸೀವರ್ ಹಿಂದೆ ಪ್ರೀ-ಔಟ್ (ಬೇರೆ ಆಂಪ್‌ಗೆ ಸಿಗ್ನಲ್ ಕೊಡುವ ಕಿಂಡಿ) ಇರಬೇಕು, ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ ಇರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಅಲ್ಲಿಂದ ಎರಡು ಆರ್‌ಸಿಎ ಕೇಬಲ್ ಆಂಪ್‌ಗೆ, ಆಂಪ್‌ನಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಫ್ರಂಟ್ ಸ್ಪೀಕರ್‌ಗಳಿಗೆ. ಮಾತು ಕೇಳಿಸುವ ಸೆಂಟರ್ ಮತ್ತು ಅಕ್ಕಪಕ್ಕದ ಸರೌಂಡ್ ಸ್ಪೀಕರ್‌ಗಳು ರಿಸೀವರ್‌ನಲ್ಲೇ ಉಳಿದವು. ಆನ್ ಮಾಡಿದ ತಕ್ಷಣ ಎಂಸಿಬಿ ಬಿತ್ತು. ದೊಡ್ಡ ಟ್ರಾನ್ಸ್‌ಫಾರ್ಮರ್ ಮೊದಲ ಕ್ಷಣದಲ್ಲಿ ತುಂಬಾ ಕರೆಂಟ್ ಎಳೆಯುತ್ತೆ. ಪಕ್ಕದ ಗೋಡೆಯ 16 ಆಂಪಿಯರ್ ಪ್ಲಗ್‌ಗೆ ಹಾಕಿದೆ, ಮತ್ತೆ ಬೀಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಗುಂಯ್ ಅನ್ನುವ ಸದ್ದು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅಷ್ಟೇ, ಏರಿಸಿದರೂ ಅಷ್ಟೇ. ಆರ್‌ಸಿಎ ಎರಡನ್ನೂ ಆಂಪ್‌ನಿಂದ ಕಿತ್ತೆ, ಪೂರ್ತಿ ನಿಶ್ಶಬ್ದ. ಅಂದರೆ ಆಂಪ್ ಚೆನ್ನಾಗಿದೆ. ಬೇರೆ ಕೇಬಲ್ ಹಾಕಿ ನೋಡಿದೆ, ಅದೇ ಸದ್ದು. ರಿಸೀವರನ್ನೂ ಆಂಪನ್ನೂ ಒಂದೇ ಬೋರ್ಡ್‌ಗೆ ತಂದೆ, ಒಂದಿಷ್ಟೂ ಬದಲಾಗಲಿಲ್ಲ.

ಗೊತ್ತಿದ್ದವರೊಬ್ಬರು ಆಂಪ್‌ನ ಅರ್ಥ್ ಪಿನ್ ಕಿತ್ತುಬಿಡು, ಸದ್ದು ಹೋಗುತ್ತೆ ಅಂದರು. ಹೋಗಬಹುದು. ಆದರೆ ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅದು ಲೋಹದ ಬಾಡಿ. ಒಳಗೆ ಫೇಸ್ ವೈರ್ ಬಾಡಿಗೆ ತಾಗಿದರೆ ಕರೆಂಟ್ ಇಳಿದುಹೋಗಲು ಇರುವ ದಾರಿ ಆ ಪಿನ್ ಒಂದೇ. ಅದಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ, ಅಲ್ವಾ.

ಭಾನುವಾರ ಬೆಳಿಗ್ಗೆ ಒಂದೊಂದೇ ವೈರ್ ಕೀಳುತ್ತಾ ಹೋದೆ. ಸೆಟ್‌ಟಾಪ್ ಬಾಕ್ಸ್ ಹಿಂದಿನ ಕೇಬಲ್ ಟಿವಿ ವೈರನ್ನು ತಿರುಗಿಸಿ ಬಿಚ್ಚಿದೆ, ಅದರ ಸ್ಕ್ರೂ ಬಾಕ್ಸ್‌ನಿಂದ ಬಿಟ್ಟ ಕ್ಷಣವೇ ಗುಂಯ್ ನಿಂತುಹೋಯಿತು. ಮತ್ತೆ ತಾಗಿಸಿದೆ, ಬಂತು. ಬಿಟ್ಟೆ, ಹೋಯಿತು. ಐದಾರು ಸಲ ಸುಮ್ನೆ ಹಾಗೇ ಮಾಡಿದೆ, ಅಷ್ಟು ಖುಷಿಯಾಗಿತ್ತು.

ಕಾರಣ ಇಷ್ಟು. ಕೇಬಲ್ ವೈರ್‌ನ ಹೊರಗಿನ ಜಾಲರಿ ಬೀದಿಯಲ್ಲಿ ಎಲ್ಲೋ ಬೇರೆ ಕಡೆ ನೆಲಕ್ಕೆ ಸೇರಿರುತ್ತೆ. ರಿಸೀವರ್, ಟಿವಿ, ಸೆಟ್‌ಟಾಪ್ ಬಾಕ್ಸ್ ಮೂರದ್ದೂ ಎರಡು ಪಿನ್ ಪ್ಲಗ್, ಮನೆಯ ಅರ್ಥ್‌ಗೆ ಸಂಬಂಧವೇ ಇರಲಿಲ್ಲ. ಇಷ್ಟು ವರ್ಷ ಸದ್ದು ಬರದಿದ್ದದ್ದು ಅದಕ್ಕೇ. ಮೂರು ಪಿನ್‌ನ ಆಂಪ್ ಬಂದ ಮೇಲೆ ಬೀದಿಯ ಅರ್ಥ್ ಮತ್ತು ಮನೆಯ ಅರ್ಥ್ ಎಚ್‌ಡಿಎಂಐ, ಆರ್‌ಸಿಎ ಮೂಲಕ ಸೇರಿಕೊಂಡು ಒಂದು ಸುತ್ತು ಪೂರ್ತಿಯಾಯಿತು. ನಮ್ಮ ಕರೆಂಟಿನ 50 ಹರ್ಟ್ಜ್ ಆ ಸುತ್ತಿನಲ್ಲಿ ಹರಿದು ಸ್ಪೀಕರ್‌ನಲ್ಲಿ ಕೇಳಿಸುತ್ತಿತ್ತು.

ಸಂಜೆ ಮೈಕ್ ಇಟ್ಟು ಕ್ಯಾಲಿಬ್ರೇಷನ್, ಅಂದರೆ ಎಲ್ಲ ಸ್ಪೀಕರ್‌ಗಳ ಸೌಂಡ್ ಸರಿಹೊಂದಿಸುವ ಕೆಲಸ, ಮತ್ತೆ ಮಾಡಿದೆ. ಇದನ್ನು ಬಿಡಲೇಬಾರದು, ಯಾಕೆಂದರೆ ಆಂಪ್‌ನ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತೆ ಅನ್ನುವುದು) ರಿಸೀವರ್‌ದಕ್ಕಿಂತ ಬೇರೆ. ನನ್ನದರಲ್ಲಿ ಫ್ರಂಟ್ ಎರಡೂ ಮೊದಲಿಗಿಂತ 5 ಡಿಬಿ ಕೆಳಗೆ ಸೆಟ್ ಆದವು. ಹಾಗೇ ಬಿಟ್ಟಿದ್ದರೆ ಸೆಂಟರ್‌ನ ಮಾತು ಮುಳುಗಿಹೋಗುತ್ತಿತ್ತು.

ರಾತ್ರಿ ಎರಡೂವರೆ ಗಂಟೆಯ ಸಿನಿಮಾ ಪೂರ್ತಿ ನೋಡಿದೆ. ನಾನು ಎಣಿಸದೇ ಇದ್ದದ್ದು ಸೆಂಟರ್ ಸ್ಪೀಕರ್. ಅದರ ಒಂದು ವೈರ್ ಕೂಡ ಮುಟ್ಟಿಲ್ಲ, ಆದರೂ ಗಲಾಟೆ ಸೀನ್ ನಡುವೆ ಮೆಲ್ಲಗೆ ಆಡಿದ ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಫ್ರಂಟ್ ಎರಡರ ಭಾರ ಇಳಿದದ್ದರಿಂದ ರಿಸೀವರ್‌ನ ಶಕ್ತಿ ಈಗ ಅದಕ್ಕೆ ಸಿಗುತ್ತಿದೆ. ಸಿನಿಮಾ ಮುಗಿದ ಮೇಲೆ ರಿಸೀವರ್ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು ಅಷ್ಟೇ.

ಕೇಬಲ್ ವೈರ್‌ಗೆ ಹಾಕಿ ಆ ಸುತ್ತನ್ನು ತುಂಡರಿಸುವ ಐಸೊಲೇಟರ್ ಆರ್ಡರ್ ಮಾಡಿದ್ದೇನೆ, ಗುರುವಾರ ಬರಬೇಕು. ಅಲ್ಲಿಯವರೆಗೆ ಅಮ್ಮನ ಸೀರಿಯಲ್‌ಗಳು ಮುಗಿಯುವ ತನಕ ಆಂಪ್ ಆಫ್, ಆಮೇಲೆ ವೈರ್ ಬಿಚ್ಚಿ ನಮ್ಮ ಸಿನಿಮಾ.