ಬ್ರೈಲ್ ಫಲಕ, ಐದನೆಯ ವಾರ: ಚುಕ್ಕೆ ಕೊನೆಗೂ ಬೆರಳಿಗೆ ಒಲಿಯಿತು

ಹದಿನೇಳನೆಯ ಫಲಕವನ್ನು ಮೇಷ್ಟ್ರು ನಿನ್ನೆ ಸಂಜೆ ಓದಿದರು. ಅವರ ತೋರುಬೆರಳು ಎಡದಿಂದ ಬಲಕ್ಕೆ ಒಮ್ಮೆ ಸರಿಯಿತು, ನಡುವೆ ಎಲ್ಲಿಯೂ ತಡೆಯಲಿಲ್ಲ, "ಮೆಟ್ಟಿಲು" ಎಂದರು. ಹಿಂದಿನ ಹದಿನಾರರಲ್ಲಿ ಒಂದನ್ನೂ ಅವರು ಹೀಗೆ ಓದಿರಲಿಲ್ಲ. ಆ ಸಂತೋಷ ಆರುವ ಮುನ್ನವೇ, 3ಡಿ ಪ್ರಿಂಟರಿನಲ್ಲಿ ಬ್ರೈಲ್ ಫಲಕ ಮುದ್ರಿಸುವ ಇದೇ ಕೆಲಸಕ್ಕೆ ಕೈಹಾಕಿರುವವರಿಗೆ ಉಪಯೋಗವಾಗಲೆಂದು, ಇಷ್ಟು ದಿನ ನನ್ನನ್ನು ಕಾಡಿದ ಒಂದೇ ಒಂದು ತೊಡಕಿನ ಬಗ್ಗೆ ಬರೆದಿಡುತ್ತಿದ್ದೇನೆ.

ನಾವು ಹೋಗುವ ಗ್ರಂಥಾಲಯದಲ್ಲಿ ಬ್ರೈಲ್ ಫಲಕಗಳು ಮೊದಲೇ ಇದ್ದವು. ಆದರೆ ಅವುಗಳ ಚುಕ್ಕೆಗಳನ್ನು ಹೊಳೆಯುವ ಹಾಳೆಯ ಮೇಲೆ ಬಣ್ಣದಲ್ಲಿ ಮುದ್ರಿಸಲಾಗಿತ್ತು. ಕಣ್ಣಿದ್ದವರಿಗೆ ಅದು ಬ್ರೈಲ್, ಬೆರಳಿಗೆ ಬರಿಯ ನುಣುಪು ಹಾಳೆ. ಮಕ್ಕಳಿಗೆ ಬ್ರೈಲ್ ಕಲಿಸುತ್ತಲೇ ಬದುಕು ಸವೆಸಿದ ಮೇಷ್ಟ್ರು ಅದರ ಮೇಲೆ ಬಹಳ ಹೊತ್ತು ಕೈಯಾಡಿಸಿ, "ಇಲ್ಲಿ ಏನೋ ಬರೆದಿದೆ ಅಂದರಲ್ಲಪ್ಪ, ನನಗೆ ಸಿಗುತ್ತಿಲ್ಲ" ಎಂದು ಕೇಳಿದ ದಿನವೇ ಈ ಕೆಲಸ ಶುರುವಾಯಿತು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 9ನೆಯ ವಿಧಿಯು, ಸಾರ್ವಜನಿಕರಿಗೆ ತೆರೆದಿರುವ ಕಟ್ಟಡಗಳಲ್ಲಿ ಬ್ರೈಲ್ ಫಲಕಗಳೂ ಸುಲಭವಾಗಿ ಓದಿ ಅರ್ಥಮಾಡಿಕೊಳ್ಳಬಹುದಾದ ಫಲಕಗಳೂ ಇರಬೇಕೆಂದು ಹೇಳುತ್ತದೆ. ಬಣ್ಣದ ಚುಕ್ಕೆ ಅಂಟಿಸಿ ಆ ಮಾತನ್ನು ಪಾಲಿಸಿದೆವು ಎನ್ನುವುದನ್ನು ನಾನು ಒಪ್ಪಲಾರೆ.

ಅಳತೆ ತೆಗೆದದ್ದು, ಮಾದರಿ ಬಿಡಿಸಿದ್ದು, ಬೆಡ್ (ಪ್ರಿಂಟರಿನ ಮುದ್ರಣ ತಟ್ಟೆ) ಸಮ ಮಾಡಿದ್ದು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) 2010ರ ಮಾನದಂಡಗಳನ್ನು ಆಧಾರವಾಗಿ ಇಟ್ಟುಕೊಂಡೆ: ಚುಕ್ಕೆಯ ತಳದ ವ್ಯಾಸ 1.5ರಿಂದ 1.6 ಮಿಲಿಮೀಟರ್, ಎತ್ತರ 0.6ರಿಂದ 0.9, ಒಂದೇ ಕೋಶದೊಳಗಿನ (ಆರು ಚುಕ್ಕೆಗಳ ಗುಂಪು) ಚುಕ್ಕೆಗಳ ನಡುವೆ 2.3ರಿಂದ 2.5, ಆಕಾರ ಗುಮ್ಮಟದಂತೆ ದುಂಡಗೆ. ಜಾಗವಿದೆಯೆಂದು ಬ್ರೈಲನ್ನು ದೊಡ್ಡದು ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆರು ಚುಕ್ಕೆಗಳ ಕೋಶ ಒಂದೇ ಬೆರಳ ತುದಿಯ ಕೆಳಗೆ ಪೂರ್ತಿ ಅಡಗಬೇಕು, ಇಲ್ಲವಾದರೆ ಓದುವವರು ಒಂದೊಂದು ಚುಕ್ಕೆಯನ್ನೂ ಹುಡುಕಿ ಎಣಿಸಬೇಕಾಗುತ್ತದೆ.

ತೊಡಕು ಹುಟ್ಟಿದ್ದು ಆ "ದುಂಡಗೆ" ಎಂಬ ಒಂದು ಪದದಲ್ಲಿ. ಫಲಕವನ್ನು ಎಲ್ಲರಂತೆ ಬೆಡ್ ಮೇಲೆ ಮಲಗಿಸಿ, 0.4 ಮಿಲಿಮೀಟರಿನ ನಾಝಲ್ (ಕರಗಿದ ಪ್ಲಾಸ್ಟಿಕ್ ಹೊರಬರುವ ಮೂತಿ) ಹಾಕಿ, 0.2ರ ಪದರಗಳಲ್ಲಿ ಮುದ್ರಿಸಿದೆ. 0.7 ಮಿಲಿಮೀಟರ್ ಎತ್ತರದ ಗುಮ್ಮಟವನ್ನು ಮೂರು ನಾಲ್ಕು ಪದರಗಳಲ್ಲಿ ಕಟ್ಟಿದರೆ ಅದು ಗುಮ್ಮಟವಾಗದೆ ಮೆಟ್ಟಿಲುಮೆಟ್ಟಿಲಾದ ಗೋಪುರವಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಮೇಲಿನ ಪದರ: ಅಲ್ಲಿ ಉಳಿಯುವ ಜಾಗ ನಾಝಲಿನ ರಂಧ್ರದಷ್ಟೇ ಇರುವುದರಿಂದ ಒಂದು ಹನಿ ಬಿದ್ದು, ನಾಝಲ್ ಮೇಲೇಳುವಾಗ ಆ ಹನಿಯ ತುದಿ ಮುಳ್ಳಿನಂತೆ ಎಳೆದುಕೊಳ್ಳುತ್ತದೆ. ಮೇಷ್ಟ್ರು ಮೊದಲ ಫಲಕ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು. "ಇದು ಅಕ್ಷರವಲ್ಲ, ತುರಿಯುವ ಮಣೆ" ಎಂದರು. ಪದರವನ್ನು 0.1ಕ್ಕೆ ಇಳಿಸಿದರೂ ಮುಳ್ಳು ಸಣ್ಣದಾಯಿತೇ ಹೊರತು ಹೋಗಲಿಲ್ಲ. ಮರಳುಕಾಗದದಿಂದ ಉಜ್ಜಿದರೆ ಮುಳ್ಳಿನ ಜೊತೆಗೆ ಎತ್ತರವೂ ಹೋಯಿತು, ಅದೂ ಒಂದೊಂದು ಚುಕ್ಕೆಯಲ್ಲಿ ಒಂದೊಂದು ಪ್ರಮಾಣದಲ್ಲಿ. ಕೆಲವು ಚುಕ್ಕೆಗಳು ಎದ್ದು ಕಾಣಿಸಿ ಕೆಲವು ಕುಗ್ಗಿದರೆ ಓದುವವರಿಗೆ ಒಂದು ಅಕ್ಷರ ಇನ್ನೊಂದಾಗುತ್ತದೆ.

ಇದರ ನಡುವೆ ಫಿಲಮೆಂಟಿನ, ಅಂದರೆ ಮುದ್ರಣಕ್ಕೆ ಬಳಸುವ ಪ್ಲಾಸ್ಟಿಕ್ ತಂತಿಯ, ಗೋಳು. "ಸಂಪೂರ್ಣ ಒಣಗಿಸಿ ಮೊಹರು ಹಾಕಿದ್ದು" ಎಂಬ ಚೀಟಿ ಹೊತ್ತು ಬಂದ ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಸುರುಳಿ ನಾಝಲಿಗೆ ಹೋದೊಡನೆ ಚಟಪಟ ಸದ್ದು ಮಾಡಿತು. ತೇವ ಕುಡಿದ ಪ್ಲಾಸ್ಟಿಕ್ಕಿನ ಸದ್ದು ಅದು. ಚುಕ್ಕೆಯಿಂದ ಚುಕ್ಕೆಗೆ ಕೂದಲೆಳೆಯಂಥ ದಾರಗಳು ಹಬ್ಬಿದವು. ಬೇರೆ ಆಟಿಕೆಗಳಲ್ಲಾದರೆ ಅಂಥ ದಾರವನ್ನು ಒರೆಸಿ ಮರೆಯಬಹುದು, ಬ್ರೈಲಿನಲ್ಲಿ ಅದರ ಸಣ್ಣ ಗಂಟೂ ಬೆರಳಿಗೆ ಚುಕ್ಕೆಯಾಗಿಯೇ ತಾಕುತ್ತದೆ. ಮಾರಿದವರಿಗೆ ಮೂರು ಸಲ ಬರೆದೆ. ಮೂರು ಸಲವೂ ಬಂದ ಉತ್ತರ, ನಾಝಲಿನ ಉಷ್ಣತೆ ಬದಲಿಸಿ ನೋಡಿ ಎಂಬುದೇ. ಆರು ಗಂಟೆ ಬಿಸಿಗಾಳಿಯಲ್ಲಿ ಒಣಗಿಸಿದ ಮೇಲೆ ಅದೇ ಸುರುಳಿ ಸರಿಹೋಯಿತು.

ಆ ಆರು ಗಂಟೆ ಕಾಯುತ್ತ ಕುಳಿತಾಗ ಮುಂದಿನ ಯೋಜನೆ ಮನಸ್ಸಿಗೆ ಬಂತು: ಗ್ರಂಥಾಲಯದ ನೆಲಮಹಡಿಯ ಸ್ಪರ್ಶ ನಕ್ಷೆ. ಫಲಕವು ಬಾಗಿಲನ್ನು ಗುರುತಿಸುತ್ತದೆ, ಆದರೆ ಆ ಬಾಗಿಲವರೆಗೆ ಹೋಗುವ ದಾರಿಯನ್ನು ಹೇಳುವುದಿಲ್ಲ. ಉಬ್ಬುಗೆರೆಯ ಗೋಡೆ, ತಗ್ಗಿನ ಓಣಿ, ಶೌಚಾಲಯಕ್ಕೆ ಒಂದು ಗುರುತು, ಮೆಟ್ಟಿಲಿಗೆ ಇನ್ನೊಂದು. ಕಣ್ಣು ಇಡೀ ನಕ್ಷೆಯನ್ನು ಒಮ್ಮೆಗೇ ಹಿಡಿಯುತ್ತದೆ. ಬೆರಳು ತುಣುಕುತುಣುಕಾಗಿ ಮುಟ್ಟಿ ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಆದ್ದರಿಂದ ಪೀಠೋಪಕರಣಗಳನ್ನೆಲ್ಲ ಬಿಟ್ಟುಬಿಡಬೇಕೆಂದು ಆಗಲೇ ಟಿಪ್ಪಣಿ ಬರೆದುಕೊಂಡೆ.

ದಾರಿ ತೆರೆದದ್ದು ಫಲಕವನ್ನು ನಿಲ್ಲಿಸಿದಾಗ. ಮಲಗಿದ ಫಲಕದಲ್ಲಿ ಗುಮ್ಮಟದ ದುಂಡುತನ ಪದರಗಳ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅದೇ ಗುಮ್ಮಟದ ಬಾಗು ಪ್ರತಿ ಪದರದ ಹೊರಗೆರೆಯಲ್ಲೇ ಮೂಡುತ್ತದೆ, ನಾಝಲ್ ಅದನ್ನು ಪೆನ್ನಿನಂತೆ ಸುತ್ತಿ ಬರೆಯುತ್ತದೆ. 0.1ರ ಪದರದಲ್ಲಿ ಒಂದು ಚುಕ್ಕೆಗೆ ಹದಿನೈದು ಗೆರೆಗಳು ಸಿಗುತ್ತವೆ. ಮುಳ್ಳು ಹುಟ್ಟುವ ಆ ಕೊನೆಯ ಹನಿಗೆ ಜಾಗವೇ ಇರುವುದಿಲ್ಲ. ತೆಳ್ಳಗೆ ನಿಂತ ಹಲಗೆ ಅಲುಗಾಡದಂತೆ ಅಗಲವಾದ ಬ್ರಿಮ್ (ಬುಡದ ಸುತ್ತಲಿನ ತೆಳು ಅಂಚು) ಕೊಟ್ಟೆ, ಪದರದ ಹೊಲಿಗೆಯನ್ನು, ಅಂದರೆ ಹೊರಗೆರೆ ಶುರುವಾಗಿ ಮುಗಿಯುವ ಕಡೆ ಉಳಿಯುವ ಗಂಟನ್ನು, ಸ್ಲೈಸರಿನಲ್ಲಿ (ಮಾದರಿಯನ್ನು ಪದರಗಳಾಗಿ ವಿಂಗಡಿಸುವ ತಂತ್ರಾಂಶ) ಹಿಂಬದಿಗೆ ತಳ್ಳಿದೆ. ಮರೆತ ಒಂದು ಸಲ ಆ ಹೊಲಿಗೆ ಚುಕ್ಕೆಗಳ ಮೇಲೇ ಹಾದು ಇಡೀ ಸಾಲು ಗಂಟುಗಂಟಾಗಿತ್ತು. ಚುಕ್ಕೆಯ ಕೆಳಮೈ ಆಸರೆಯಿಲ್ಲದೆ ಸ್ವಲ್ಪ ಜೋಲುತ್ತಿತ್ತು, ಎತ್ತರವನ್ನು 0.6ಕ್ಕೆ ಇಳಿಸಿ, ಹೊರಗೆರೆಯ ವೇಗವನ್ನು ಅರ್ಧ ಮಾಡಿದ ಮೇಲೆ ಅದೂ ನಿಂತಿತು.

ಹದಿನಾರನೆಯ ಫಲಕದ ಚುಕ್ಕೆಗಳು ಹಾಗೆ ನುಣುಪಾಗಿ ಬಂದವು, ಆದರೂ ಮೇಷ್ಟ್ರು ಮೂರನೆಯ ಕೋಶದಲ್ಲಿ ನಿಂತರು. ಈ ಸಲ ತಪ್ಪು ಮುದ್ರಣದ್ದಲ್ಲ, ಕನ್ನಡವನ್ನು ಬ್ರೈಲಿಗೆ ತಿರುಗಿಸಲು ನಾನು ಬರೆದ ಪ್ರೋಗ್ರಾಮಿನದು. ಕಂಪ್ಯೂಟರಿನ ಅಕ್ಷರ ಸಂಕೇತವಾದ ಯುನಿಕೋಡಿನಲ್ಲಿ ಒತ್ತಕ್ಷರಕ್ಕೆ ಮೊದಲು ವ್ಯಂಜನ, ಆಮೇಲೆ ವಿರಾಮ ಚಿಹ್ನೆ (ವ್ಯಂಜನದ ಸ್ವರವನ್ನು ತೆಗೆಯುವ ಹಲಂತ); ಭಾರತೀಯ ಭಾಷೆಗಳ ಬ್ರೈಲ್ ಪದ್ಧತಿಯಾದ ಭಾರತಿ ಬ್ರೈಲಿನಲ್ಲಿ ವಿರಾಮ ಚಿಹ್ನೆಯಾದ ನಾಲ್ಕನೆಯ ಚುಕ್ಕೆ ವ್ಯಂಜನಕ್ಕಿಂತ ಮೊದಲೇ ಬರುತ್ತದೆ. ನಾನು ಯುನಿಕೋಡಿನ ಕ್ರಮವನ್ನೇ ಹಾಗೆಹಾಗೆಯೇ ಇಳಿಸಿದ್ದೆ. "ಒತ್ತು ಬರುತ್ತದೆ ಅಂತ ಬೆರಳಿಗೆ ಮುಂಚೆಯೇ ತಿಳಿಸಬೇಕಪ್ಪ" ಎಂದು ಮೇಷ್ಟ್ರು ನನ್ನ ಬೆರಳನ್ನೇ ಹಿಡಿದು ಫಲಕದ ಮೇಲೆ ನಡೆಸಿದರು. ಮೂರಕ್ಷರದ "ಮೆಟ್ಟಿಲು" ಬ್ರೈಲಿನಲ್ಲಿ ಎಂಟು ಕೋಶಗಳಾಗುತ್ತದೆ, ಅದರಲ್ಲಿ ಒಂದು ಈ ವಿರಾಮದ್ದು. ಕನ್ನಡ ಫಲಕ ಮಾಡುವವರು ಬ್ರೈಲ್ ಓದುವವರ ಕೈಗೆ ಕೊಡದೆ ಯಾವುದನ್ನೂ ಗೋಡೆಗೆ ಅಂಟಿಸಬಾರದೆಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ.

ಗೋಡೆಯ ಜಾಗದ ಬಗ್ಗೆಯೂ ಸ್ವಲ್ಪ ವಾದ ನಡೆಯಿತು. ಗ್ರಂಥಾಲಯದವರು ಫಲಕವನ್ನು ಬಾಗಿಲಿನ ನಡುಮಧ್ಯಕ್ಕೆ ಹಾಕಿಸಬೇಕೆಂದಿದ್ದರು, ನೋಡಲು ಚೆಂದವೆಂದು. ಓದಲು ಮುಖ ಹತ್ತಿರ ತಂದು ನಿಂತವರ ಮೇಲೆ ಒಳಗಿನಿಂದ ಯಾರಾದರೂ ಬಾಗಿಲು ತಳ್ಳಿದರೆ ಏನಾಗುತ್ತದೆಂದು ಮೇಷ್ಟ್ರು ಅಲ್ಲೇ ನಿಂತು ತೋರಿಸಿದ ಮೇಲೆ ಎಲ್ಲರೂ ಒಪ್ಪಿದರು. ಈಗ ಫಲಕ ಚಿಲಕವಿರುವ ಬದಿಯ ಗೋಡೆಯ ಮೇಲೆ, ನೆಲದಿಂದ 1,400 ಮಿಲಿಮೀಟರ್ ಎತ್ತರದಲ್ಲಿದೆ; ಎಡಿಎ ಹೇಳುವ 1,220ರಿಂದ 1,525ರ ಮಿತಿಯೊಳಗೇ ಇದೆ. ಎಲ್ಲ ಬಾಗಿಲುಗಳಲ್ಲೂ ಇದೇ ಎತ್ತರ ಇರಲಿದೆ, ಏಕೆಂದರೆ ಕೈ ಎಲ್ಲಿ ಚಾಚಬೇಕೆಂಬುದು ಒಮ್ಮೆ ಕಲಿತರೆ ಸಾಕಾಗಬೇಕು.

ಇನ್ನೂ ಒಂಬತ್ತು ಫಲಕಗಳು ಬಾಕಿ ಇವೆ. ಒಂದಕ್ಕೆ ನಾಲ್ಕು ಗಂಟೆ ಹಿಡಿಯುತ್ತಿದೆ. ಇದನ್ನು ಬರೆಯುವ ಹೊತ್ತಿಗೆ "ಶೌಚಾಲಯ" ಬೆಡ್ ಮೇಲೆ ಅರ್ಧ ಎದ್ದು ನಿಂತಿದೆ. ನಾಳೆ ಬೆಳಿಗ್ಗೆ ಮೇಷ್ಟ್ರು ಬರುತ್ತಾರೆ.